ಚೆಲುವಯ್ಯನವರ ಸಡಿಲ ಚಪ್ಪರ

ಶ್ರೀರಾಂಪುರದಲ್ಲಿ ಶಾಮಿಯಾನದ ಚೆಲುವಯ್ಯ ಎಂದರೆ ಗೊತ್ತಿಲ್ಲದವರಿಲ್ಲ. ಮದುವೆಯಿರಲಿ, ತಿಥಿಯಿರಲಿ, ಅವರು ಕಟ್ಟಿದ ಬಟ್ಟೆಯಲ್ಲಿ ಒಂದು ಸುಕ್ಕು ಹುಡುಕಿ ತೋರಿಸಿ ನೋಡೋಣ. ಬೇರೆಯವರು ಕಟ್ಟಿದ ಶಾಮಿಯಾನ ಜೋತುಬಿದ್ದಿದ್ದರೂ ಊಟದ ಎಲೆ ಬಿಟ್ಟು ಎದ್ದುಹೋಗಿ ಹಗ್ಗ ಬಿಗಿದು ಬರುವ ಮನುಷ್ಯ. ಬಟ್ಟೆ ಜೋತರೆ ಮಳೆ ನೀರು ನಿಲ್ಲುತ್ತದೆ, ನೀರು ನಿಂತರೆ ಅಡುಗೆಯ ಮೇಲೆ ಸುರಿದು ಮರ್ಯಾದೆ ಹೋಗುತ್ತದೆ ಎಂಬುದು ಅವರ ಶಾಸ್ತ್ರ. ಇಂಥವರನ್ನು ನಾನು ಕಲಾಪ್ರದರ್ಶನದ ಕೆಲಸಕ್ಕೆ ಕರೆಸಿದೆ, ಬುದ್ಧಿ ಎಲ್ಲಿಟ್ಟಿದ್ದೆನೋ!

ದಟ್ಟಗಳ್ಳಿಯ ನಮ್ಮ ಮನೆಯ ಕೆಳಗೆ ಒಂದು ದೊಡ್ಡ ಹಾಲ್ ಇದೆ, ಕಲಾವಿದರಿಗೆ ಪ್ರದರ್ಶನಕ್ಕೆ ಕೊಡುತ್ತೇನೆ. ಈ ಸಲ ನನ್ನ ತಮ್ಮನ ಮಗಳು ಲಹರಿಯ ಮೊದಲ ಪ್ರದರ್ಶನ. ಅವಳ ಕಲಾಕೃತಿ ಏನಪ್ಪಾ ಅಂದರೆ, ಶ್ರೀರಾಂಪುರದ ಹೆಂಗಸರು ಉಟ್ಟು ಹಳತಾದ ಸೀರೆಗಳನ್ನು ಕೇಳಿ ತಂದು, ಒಂದಕ್ಕೊಂದು ಹೊಲಿದು, ಹಾಲಿನ ಚಾವಣಿಗೆ ತೂಗುಹಾಕುವುದು. ಮನೆಮನೆಗೆ ಕರೆದೊಯ್ದು ಸೀರೆ ಕೊಡಿಸಿದವರು ಚೆಲುವಯ್ಯನವರ ಹೆಂಡತಿ ಮಾದೇವಮ್ಮ. ಹಾಗಾಗಿ ಕಟ್ಟುವ ಕೆಲಸ ಅವರ ಯಜಮಾನರಿಗೆ ಬಂತು. ಸೀರೆ ಕೊಟ್ಟವರೆಲ್ಲ ಉದ್ಘಾಟನೆಗೆ ಬರುವವರಿದ್ದರು.

ಕಟ್ಟಿದರು ನೋಡಿ! ನಾನು ಕಾಫಿ ಹಿಡಿದು ಕೆಳಗಿಳಿದು ಬರುವಷ್ಟರಲ್ಲಿ ಅಷ್ಟೂ ಸೀರೆ ಚಾವಣಿಗೆ ಅಂಟಿ ಕೂತಿತ್ತು, ಮೃದಂಗದ ಚರ್ಮದಷ್ಟು ಬಿಗಿಯಾಗಿ. ನಾನು ಭೇಷ್ ಅಂದೆ. ಲಹರಿಯ ಕಣ್ಣಲ್ಲಿ ನೀರು. ಅವಳಿಗೆ ಬೇಕಾಗಿದ್ದದ್ದು ಜೋತುಬಿದ್ದ ಸೀರೆ. ಒಳಗೆ ಬಂದವರ ತಲೆಗೆ ತಗಲಬೇಕು, ಕೈಗೆ ಸಿಗಬೇಕು. ಇಳಿಬಿಡಿ ಅಂದಳು. ಚೆಲುವಯ್ಯ ಏಣಿಯಿಂದ ಇಳಿದು, ಹೆಗಲ ಟವೆಲ್ ಕೊಡವಿ, ಆಗಲ್ಲ ಅಂದರು.

"ಬರೋರೆಲ್ಲ ನಮ್ ಗಿರಾಕಿಗಳೇ ತಾಯಿ. ಚೆಲುವಯ್ಯಂಗೆ ಕೈ ಬಿದ್ದೋಯ್ತು ಅಂತಾರೆ. ನಾಳೆ ಯಾರು ಕರೀತಾರೆ ನನ್ನ?"

ನನಗೆ ಕೋಪ ಮೂಗಿನ ತುದಿಯಲ್ಲೇ. ಇದೇನು ಮದುವೆ ಮನೆಯೇ, ಹಾಲಿನೊಳಗೆ ಮಳೆ ಸುರಿಯುತ್ತದೆಯೇ ಎಂದು ರೇಗಿದೆ. ಲಹರಿ ರೇಗಲಿಲ್ಲ. ಮಾದೇವಮ್ಮನವರ ಸೀರೆ ಯಾವುದು ಎಂದು ಕೇಳಿದಳು. ಮೂಲೆಯಲ್ಲಿದ್ದ ಹಸಿರು ಅಂಚಿನದನ್ನು ಚೆಲುವಯ್ಯ ತಕ್ಷಣ ತೋರಿಸಿದರು. ಮಗಳು ಸೌಮ್ಯಳ ನಾಮಕರಣಕ್ಕೆ ಕೊಡಿಸಿದ್ದಂತೆ. ಅದು ಮಾದೇವಮ್ಮನವರ ಕೈಗೆ ಎಟುಕುವುದು ಬೇಡವಾ ಎಂದಳು ಲಹರಿ, ಅಷ್ಟೇ.

ಚೆಲುವಯ್ಯ ಗೊಣಗುತ್ತಲೇ ಮತ್ತೆ ಏಣಿ ಹತ್ತಿದರು. ಸಡಿಲ ಕಟ್ಟುವುದು ಅವರ ಕೈಗೇ ಬರುತ್ತಿರಲಿಲ್ಲ, ಪಾಪ. ಬಿಟ್ಟ ಹಗ್ಗವನ್ನು ಕೈ ತಾನಾಗಿ ಎಳೆದುಬಿಡುತ್ತಿತ್ತು, ತಮ್ಮನ್ನೇ ಬೈದುಕೊಂಡು ಮತ್ತೆ ಬಿಡುತ್ತಿದ್ದರು. ಕೆಳಗೆ ನಿಂತು ನಕ್ಕೂ ನಕ್ಕೂ ನನಗೆ ಸಾಕಾಯಿತು.

ಮರುದಿನ ಸಂಜೆ ಉದ್ಘಾಟನೆ. ಚೆಲುವಯ್ಯ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಸ್ವಾಗತಕ್ಕಲ್ಲ. ಇದು ಬೇಕೂಂತಲೇ ಸಡಿಲ ಕಟ್ಟಿದ್ದು, ಲಹರಿಯೇ ಹೇಳಿ ಕಟ್ಟಿಸಿಕೊಂಡಿದ್ದು ಎಂದು ಬಂದವರಿಗೆಲ್ಲ ಒಪ್ಪಿಸುತ್ತಿದ್ದರು. ಆದರೂ ಅವರ ಪಕ್ಕದ ಬೀದಿಯ ಮರಿಯಯ್ಯ ಬಿಡಲಿಲ್ಲ. ಮುಂದಿನ ತಿಂಗಳು ಅವರ ಮಗಳ ಮದುವೆ, ಶಾಮಿಯಾನ ಚೆಲುವಯ್ಯನವರದೇ. ಮೇಲೆ ನೋಡಿ, "ಏನ್ ಚೆಲುವಣ್ಣ, ನಮ್ಮನೆ ಚಪ್ರಾನೂ ಇಂಗೇ ಕಟ್ತೀಯಾ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಚೆಲುವಯ್ಯನವರ ಮುಖ ಸಣ್ಣಗಾಯಿತು.

ಒಳಗೆ ಹೆಂಗಸರು ತಮ್ಮ ತಮ್ಮ ಸೀರೆ ಹುಡುಕಿ ಹಿಡಿದು ಗಲಗಲ ಮಾತಾಡುತ್ತಿದ್ದರು. ಮಾದೇವಮ್ಮ ಆಗಲೇ ಲಹರಿಗೆ ನಾಮಕರಣದ ಕಥೆ ಶುರುಮಾಡಿದ್ದರು. ಮರಿಯಯ್ಯನವರ ತಾಯಿ ಮಾತ್ರ, ಬೆನ್ನು ಬಾಗಿದ ಮುದುಕಿ, ತಮ್ಮ ಕೆಂಪು ಸೀರೆಯ ಕೆಳಗೆ ನಿಂತು ಕೈ ಎತ್ತಿ ಎತ್ತಿ ಸೋತಿದ್ದರು. ಎಟುಕುತ್ತಿರಲಿಲ್ಲ. ಎತ್ತಿಕೊಳ್ಳಲಾ ಎಂದು ಮಗ ಕೇಳಿದರೆ, ನಾನೇನು ಕೂಸಾ ಎಂದು ಗದರಿದರು.

ಚೆಲುವಯ್ಯ ಅದನ್ನು ನೋಡಿದರು. ಅಷ್ಟೂ ಗಿರಾಕಿಗಳ ಕಣ್ಣೆದುರೇ ಏಣಿ ತಂದು ಹತ್ತಿ, ಆ ಕಡೆಯ ಹಗ್ಗ ಬಿಚ್ಚಿ, ಮೊಳದಷ್ಟು ಸಡಿಲ ಬಿಟ್ಟರು. ಸೀರೆ ಇಳಿದು ಮುದುಕಿಯ ಕೈಗೆ ಬಂತು.

"ಸಾಕಾ ಅವ್ವ, ಇನ್ನೊಂಚೂರು ಬುಡ್ಲಾ?"

"ಬುಡಪ್ಪ" ಎಂದರು ಆಕೆ, ಕೈಗೆ ಬಂದ ಆ ಕೆಂಪು ಸೆರಗನ್ನು ಮುಖಕ್ಕೆ ಒತ್ತಿಕೊಂಡು. ಕೆಳಗೆ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವರು ಮರಿಯಯ್ಯ.