ದರ್ಜಿ ಅಕ್ಕನ ಕೈ ಮತ್ತು ಹಾರ್ಪಿನ ತಂತಿ

ಬೀದಿಯವರೆಲ್ಲ ಅವಳನ್ನು ದರ್ಜಿ ಅಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಯಂತ್ರದ ಪಕ್ಕದಲ್ಲಿ, ಅವಳಿಗಿಂತ ಗೇಣೆತ್ತರವಾಗಿ, ಹಾರ್ಪ್ ಎಂಬ ದೊಡ್ಡ ತಂತಿವಾದ್ಯವೊಂದು ನಿಂತಿರುತ್ತಿತ್ತು. ಅಳತೆ ಕೊಡಲು ಬಂದವರು, "ಇದೇನಕ್ಕಾ, ಬಾಗಿಲ ಚೌಕಟ್ಟಿಗೆ ದಾರ ಕಟ್ಟಿದ್ದೀರಾ?" ಎನ್ನುವರು. ಅವಳು ಗುಂಡುಸೂಜಿ ಕಚ್ಚಿಕೊಂಡೇ ನಗುವಳು.

ಊರಿನ ವಾದ್ಯವೃಂದದಲ್ಲಿ ಆರು ವರ್ಷಗಳಿಂದ ಅವಳಿಗೊಂದು ಕುರ್ಚಿಯಿತ್ತು. ಈಗ ಆ ಕುರ್ಚಿಗೇ ಸಂಚಕಾರ ಬಂದಿತ್ತು. ವೃಂದ ನಡೆಸುವ ಯಜಮಾನರು ಒಂದು ಸಂಜೆ ಅವಳನ್ನು ಪಕ್ಕಕ್ಕೆ ಕರೆದರು.

"ಸ್ವರ ತಪ್ಪಲ್ಲಮ್ಮ. ಆದ್ರೆ ನಾದ ಇಲ್ಲ, ತಗಡಿನ ಮೇಲೆ ಕಡಲೆ ಸುರಿದ ಹಾಗಿದೆ. ಎಂಟು ವಾರ ಬಿಟ್ಟು ಇದೇ ಹಾಡನ್ನ ಇನ್ನೊಂದ್ಸಲ ಕೇಳ್ತೀನಿ. ಹೀಗೇ ಇದ್ರೆ ಬೇರೆಯವರನ್ನ ನೋಡ್ಕೋಬೇಕಾಗತ್ತೆ."

ಅವಳು ಮನೆಗೆ ಬಂದು ಇನ್ನಷ್ಟು ಜೋರಾಗಿ, ಇನ್ನಷ್ಟು ಹೊತ್ತು ನುಡಿಸಿದಳು. ನಾದ ಮತ್ತೂ ಒಣಗಿತು. ಕೊನೆಗೆ ಹಿಂದಿನ ಬೀದಿಯಲ್ಲಿದ್ದ ನಿವೃತ್ತ ಹಾರ್ಪ್ ಶಿಕ್ಷಕಿಯ ಬಾಗಿಲು ತಟ್ಟಿದಳು. ಕೀಲುನೋವಿನಿಂದಾಗಿ ಅವರು ತಂತಿ ಮುಟ್ಟಿ ವರ್ಷಗಳಾಗಿದ್ದವು. ತಮ್ಮ ಮನೆಯ ಹಾರ್ಪಿನ ಮುಂದೆ ಅವಳನ್ನು ಕೂರಿಸಿ, ಅವಳ ಕೈಯನ್ನೇ ನೋಡುತ್ತ ಕುಳಿತರು.

"ಹೊಲಿಗೆ ಕೆಲಸವಾ?"

"ಹೌದು ಮೇಡಂ. ಹೇಗೆ ಗೊತ್ತಾಯ್ತು?"

"ತಂತಿ ಮೀಟಿದಾಗಲೆಲ್ಲ ಕೈ ಹೊರಗೆ ಎಳೀತೀಯಲ್ಲಮ್ಮ, ಹೊಲಿಗೆ ಹಾಕಿ ದಾರ ಬಿಗಿ ಮಾಡೋ ಹಾಗೆ. ಬೆರಳು ಅಂಗೈಯೊಳಕ್ಕೆ ಮಡಚ್ಕೋಬೇಕು."

ಇಪ್ಪತ್ತೆರಡು ವರ್ಷ ಗುಂಡಿ ಹೊಲಿದು, ಕಾಜಾ ಹಾಕಿದ ಕೈ ಅದು. ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಅದು ಹಾರ್ಪಿನ ಮೇಲೂ ಪ್ರಯೋಗಿಸಿತ್ತು.

ಮೇಡಂ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ದಿನಕ್ಕೆ ನಲವತ್ತೇ ನಿಮಿಷ. ಮೊದಲ ಹತ್ತು ನಿಮಿಷ ಒಂದೇ ತಂತಿ: ಮೀಟಬೇಕು, ಬೆರಳು ಮಡಚಬೇಕು, ನಾದ ಪೂರ್ತಿ ಆರುವವರೆಗೆ ಕಾಯಬೇಕು. ಆಮೇಲೆ ನಾಲ್ಕು ಬೆರಳನ್ನೂ ಮೊದಲೇ ತಂತಿಗಳ ಮೇಲಿಟ್ಟು ಒಂದೊಂದಾಗಿ ಮೀಟುವುದು. ನಡುವೆ ಐದು ನಿಮಿಷ ಕೈ ಜೋಲುಬಿಟ್ಟು ಸುಮ್ಮನಿರುವುದು. ಐದು ವಾರ ಹಾಡಿನ ಸುದ್ದಿಯೇ ಕೂಡದು.

ಮನೆಯಲ್ಲಿ ಅವಳ ಜೊತೆಗಿದ್ದ ಅತ್ತೆಯವರಿಗೆ ಕಣ್ಣು ಮಂಜು. ಕಿವಿ ಮಾತ್ರ ಬಲು ಚುರುಕು. ಮೂರನೆಯ ದಿನ ಅವರು ಕೇಳಿಯೇಬಿಟ್ಟರು.

"ಒಂದೇ ತಂತಿ ಮೀಟ್ತೀಯಲ್ಲೇ, ಮಿಕ್ಕವೆಲ್ಲ ಬಾಡಿಗೆಗೆ ತಂದವಾ?"

"ಸದ್ದು ಆರೋವರೆಗೂ ಕಾಯ್ಬೇಕಂತೆ ಅತ್ತೆ. ಯಾವಾಗ ಆರತ್ತೋ ನನಗೇ ತಿಳಿಯಲ್ಲ."

"ನಾನು ಎಣಿಸ್ತೀನಿ ಬಿಡು. ನನಗಿನ್ನೇನು ಕೆಲಸ, ನೊಣ ಹೊಡೆಯೋದು ತಾನೆ?"

ಅಂದಿನಿಂದ ಸೊಸೆ ಮೀಟುವಳು, ಅತ್ತೆ ಎಣಿಸುವರು. ಮೊದಲ ವಾರ ನಾಲ್ಕಕ್ಕೇ ಆರುತ್ತಿದ್ದ ನಾದ ಮೂರನೆಯ ವಾರಕ್ಕೆ ಒಂಬತ್ತು ಮುಟ್ಟಿತು. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಅವಳು ಆಸೆ ತಡೆಯಲಾಗದೆ ಇಡೀ ಹಾಡನ್ನು ಮೂರು ಸಲ ನುಡಿಸಿದಳು. ಮರುದಿನ ಎಣಿಕೆ ಐದಕ್ಕೆ ಇಳಿಯಿತು.

"ನಿನ್ನೆ ಕದ್ದು ಹಾಡು ನುಡಿಸಿದೆ."

"ನೀವು ಮಲಗಿದ್ರಲ್ಲ ಅತ್ತೆ?"

"ಮಲಗಿದ್ದೆ. ಎಬ್ಬಿಸಿದವಳು ನೀನು."

ತಪ್ಪು ಒಪ್ಪಿಕೊಂಡು ಅವಳು ಮತ್ತೆ ಒಂದೇ ತಂತಿಗೆ ಮರಳಿದಳು. ಆರನೆಯ ವಾರ ಹಾಡಿನ ಮೊದಲ ಸಾಲು ಬಂತು, ಏಳನೆಯ ವಾರ ಎರಡನೆಯದು, ಎಂಟನೆಯ ವಾರ ಉಳಿದವು ಒಂದೊಂದಾಗಿ.

ಎಂಟು ವಾರ ತುಂಬಿದ ಸಂಜೆ ಅವಳು ವೃಂದದ ಸಭಾಂಗಣದಲ್ಲಿ, ಅಲ್ಲಿನ ಹಾರ್ಪಿನ ಮೇಲೆ, ಯಜಮಾನರೆದುರು ನುಡಿಸಿದಳು. ಕಡೆಯ ಸ್ವರ ಮೀಟಿ, ಬೆರಳು ಮಡಚಿ ಕಾದಳು. ಅವರೂ ಕಾದರು. ಖಾಲಿ ಕುರ್ಚಿಗಳ ಮೇಲೆ ಹಾಯ್ದು ನಾದ ಹಿಂದಿನ ಗೋಡೆಯವರೆಗೂ ಹೋಯಿತು.

"ಮುಂದಿನ ಕಛೇರಿಯ ಸ್ವರದ ಹಾಳೆಗಳು ಮೇಜಿನ ಮೇಲಿವೆ. ನಿಮ್ಮದನ್ನ ತಗೊಂಡು ಹೋಗಿ" ಎಂದರು.

ಅವಳು ನೇರವಾಗಿ ಮೇಡಂ ಮನೆಗೆ ಹೋದಳು. ಸುದ್ದಿ ಹೇಳಿ ಕಾಲಿಗೆ ನಮಸ್ಕರಿಸಿದಳು. ಮೇಡಂ ಮಾತ್ರ, "ನಾನು ಹಾಳೆ ಬರೆದೆ, ಅಷ್ಟೇ. ದಿನಾ ಕೂತು ಕೇಳಿದವರಿಗೆ ಹೇಳಿದೆಯಾ?" ಎಂದರು.

ಮನೆಯಲ್ಲಿ ಅತ್ತೆ ದೀಪದ ಬಳಿ ಎದ್ದು ಕುಳಿತಿದ್ದರು.

"ಕುರ್ಚಿ ಉಳೀತು ಅತ್ತೆ. ನಿಮ್ಮಿಂದ."

ಅತ್ತೆ ಹಾರ್ಪಿನ ಕಡೆಗೆ ಮುಖ ತಿರುಗಿಸಿದರು. ಆಮೇಲೆ, "ಆವತ್ತು ಕದ್ದು ನುಡಿಸಿದ್ದು ಬಿಟ್ರೆ ಎಂಟು ವಾರದಿಂದ ಬರೀ ಚೂರುಪಾರು ಕೇಳಿದ್ದೀನಿ. ಈಗ ಇಡೀ ಹಾಡು ನುಡಿಸಮ್ಮ, ಕೇಳೋಣ" ಎಂದರು.

ಅವಳು ಕೈತೊಳೆದು ಬಂದು ಹಾರ್ಪನ್ನು ಭುಜಕ್ಕೆ ಒರಗಿಸಿಕೊಂಡಳು.