ಕಡ್ಡಿ ಅಕ್ಕ ಬಿಟ್ಟ ಮೂರು ಶನಿವಾರ

ಕಾರ್ಬನ್ ಹಾಳೆಗೆ ಒಂದು ವಾಸನೆಯಿತ್ತು, ಮೇಣಕ್ಕೆ ಸೀಮೆಎಣ್ಣೆ ತಾಗಿಸಿದಂಥದ್ದು. ಕಚೇರಿಯೊಂದರ ಜಗಲಿಯಲ್ಲಿ ಕೂತು ಟೈಪ್ ಮಾಡುತ್ತಿದ್ದ ತಾಯಿಯ ಬೆರಳುಗಳಿಂದ ಆ ವಾಸನೆ ಹೋಗುತ್ತಲೇ ಇರಲಿಲ್ಲ ಎಂದು ಕಡ್ಡಿ ಅಕ್ಕ ನೆನೆಯುತ್ತಾರೆ. “ಜನ ಕೇಳ್ತಿದ್ದದ್ದು ಒಂದೇ ಪ್ರತಿ. ಅಮ್ಮ ಕೇಳದೇನೇ ಇನ್ನೊಂದು ಹಾಳೆ ಸೇರಿಸಿ ಹೊಡೀತಿದ್ಳು. ‘ನಾಳೆ ಅಳ್ತಾ ಬರ್ತಾರೆ ನೋಡು’ ಅನ್ನೋಳು. ಬರ್ತಾನೂ ಇದ್ರು.”

ಈಗ ಬೆಳಗಿನ ಐದೂಮುಕ್ಕಾಲು. ಯಂತ್ರದಲ್ಲಿ ಕಸೂತಿ ಹಾಕಿ ಬದುಕುವ ಹೆಂಗಸೊಬ್ಬರ ಮನೆಯ ಮುಂಗೋಣೆ. ಕಡ್ಡಿ ಅಕ್ಕ ಹಳೆಯ ದಿಂಬಿನ ಚೀಲವೊಂದನ್ನು ಹಲಗೆಗೆ ಬಿಗಿದು, ಅದರ ಮೇಲಿನ ಹಕ್ಕಿಯ ಬಾಲದ ಹೊಲಿಗೆಗಳನ್ನು ಎಣಿಸುತ್ತಿದ್ದಾರೆ. ಎಣಿಸಿದ್ದನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಗೆರೆಯಾಗಿ ಎಳೆಯುತ್ತಿದ್ದಾರೆ. ಇದು ಅವರ ಕಸುಬಲ್ಲ. ಇದಕ್ಕೆ ಯಾರೂ ಕೂಲಿ ಕೊಡುವುದೂ ಇಲ್ಲ.

ಅವರ ಕಸುಬು ಬೇರೆ. ಮನೆಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಇರುವುದಕ್ಕೆಲ್ಲ ಒಂದು ನಕಲು ಮಾಡಿಡುವುದು. ಕಂಪ್ಯೂಟರ್ ಏಳದೆ ಮಲಗಿಬಿಟ್ಟ ದಿನ ಅದನ್ನು ಎಬ್ಬಿಸಬಲ್ಲ ಪೆನ್‌ಡ್ರೈವ್ ಒಂದನ್ನು ತಯಾರಿಸಿ ಕೊಡುವುದು. ಆ ಪೆನ್‌ಡ್ರೈವಿಗೆ ಅವರು ಕಡ್ಡಿ ಎನ್ನುತ್ತಾರೆ, ಜನ ಅವರನ್ನೇ ಕಡ್ಡಿ ಅಕ್ಕ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಹೊಸ ಗಿರಾಕಿ, ಹಳೆ ಗಿರಾಕಿ ಸೇರಿ ದಿನಕ್ಕೆ ಮೂರು ಮನೆ, ಮನೆಗೆ ಎರಡೂವರೆ ಗಂಟೆ.

ಕಡ್ಡಿ ತಯಾರಾಗುವಾಗ ಅದರಲ್ಲಿ ಮೊದಲೇ ಇದ್ದದ್ದು ಅಳಿಸಿಹೋಗುತ್ತದೆ. ಆದ್ದರಿಂದ ‘ಖಾಲಿ ಇದೆ, ತಗೋ’ ಎಂದು ಯಾರು ಕೊಟ್ಟರೂ ಅವರು ಮೊದಲು ಒಳಗೆ ಇಣುಕುತ್ತಾರೆ. ಒಬ್ಬ ಅಜ್ಜ ಇದಕ್ಕೆ ರೇಗಿದ್ದರಂತೆ. ಅವರ ಖಾಲಿ ಕಡ್ಡಿಯಲ್ಲಿ ಮೊಮ್ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೊ ಸಿಕ್ಕಿತು. ಅಜ್ಜ ಕುರ್ಚಿ ಎಳೆದುಕೊಂಡು ಎರಡು ಸಲ ನೋಡಿದರು. ಕೆಲಸ ಮುಗಿದ ಮೇಲೆ ಅಕ್ಕ ಚೆನ್ನಾಗಿರುವ ಕಂಪ್ಯೂಟರನ್ನೇ ಆಫ್ ಮಾಡಿ, ಮನೆಯವರ ಕೈಯಿಂದಲೇ ಕಡ್ಡಿ ಹಾಕಿಸಿ ಎಬ್ಬಿಸುತ್ತಾರೆ. “ಎಬ್ಬಿಸಿ ತೋರಿಸದ ಕಡ್ಡೀಲಿ ಹಲ್ಲು ಚುಚ್ಕೋಬೇಕು ಅಷ್ಟೆ.”

ಇದುವರೆಗೆ ಮಾಡಿದ ಕಡ್ಡಿಗಳು ನಾಲ್ಕು ಸಾವಿರದಷ್ಟು. ಆಪತ್ತಿಗೆ ಒದಗಿದವು ಅರವತ್ತಮೂರು. “ಮಿಕ್ಕವರಿಗೆ ಏನೂ ಆಗಿಲ್ಲ. ಏನೂ ಆಗದೇ ಇದ್ದದ್ದಕ್ಕೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?”

ಥ್ಯಾಂಕ್ಸ್ ಪಡೆಯುವವರು ಅಕ್ಕನ ಅಂಗಡಿಯಲ್ಲಿ ಪಕ್ಕದಲ್ಲೇ ಇದ್ದಾರೆ. ಎಂಟು ಅಡಿ ಅಗಲದ ಅಂಗಡಿ, ನಡುವೆ ಒಂದು ಪ್ಲೈವುಡ್ ಗೋಡೆ. ಈಚೆ ಕಡ್ಡಿ ಅಕ್ಕ, ಆಚೆ ಅವರ ಓರಗಿತ್ತಿ, ಮೈದುನನ ಹೆಂಡತಿ. ಓರಗಿತ್ತಿ ಸತ್ತ ಡಿಸ್ಕುಗಳನ್ನು ಬಿಚ್ಚಿ ಒಳಗಿನ ಫೋಟೊ, ಫೈಲುಗಳನ್ನು ಮೇಲೆತ್ತುತ್ತಾರೆ. ಬೀದಿಗೆಲ್ಲ ಅವರು ಡಾಕ್ಟರಮ್ಮ.

“ಸ್ಕ್ರೂಡ್ರೈವರ್ ಹಿಡಿಯೋದು ಕಲಿಸಿದ್ದೇ ನಾನು. ಈಗ ಅವಳ ಹತ್ರ ಅಳ್ತಾ ಬರ್ತಾರೆ, ಕೈ ಹಿಡ್ಕೊಂಡು ಕಣ್ಣೊರೆಸಿ ಹೋಗ್ತಾರೆ. ಮಾರನೇ ದಿನ ಹೂವು ಬರುತ್ತೆ. ನನ್ನ ಹತ್ರ ಆಕಳಿಸ್ತಾ ಬರ್ತಾರೆ, ‘ಇದೆಲ್ಲ ಬೇಕಾ’ ಅಂತಾರೆ. ಹೊಟ್ಟೆಕಿಚ್ಚಾ ಅಂತ ಕೇಳ್ಬೇಡಿ. ಆ ಕಿಚ್ಚಲ್ಲಿ ಎರಡು ಹೊತ್ತಿನ ಅಡುಗೆ ಮಾಡಬಹುದಿತ್ತು.”

ಕಳೆದ ಚಳಿಗಾಲದಲ್ಲಿ ನಮ್ಮ ಪತ್ರಿಕೆಯ ಇದೇ ಪುರವಣಿ ಡಾಕ್ಟರಮ್ಮನ ಬಗ್ಗೆ ಅರ್ಧ ಪುಟ ಬರೆಯಿತು. ಅಕ್ಕ ಆ ಹಾಳೆಯನ್ನು ಬಿಡಿಸಿ ತೋರಿಸುತ್ತಾರೆ. “ಫೋಟೊದಲ್ಲಿ ನಾನೂ ಇದ್ದೀನಿ. ಇಲ್ಲಿ ನೋಡಿ, ಮೊಣಕೈ.” ಕತ್ತರಿ ಹಾಕಿದ್ದು ನಮ್ಮವರೇ. ಒಪ್ಪಿಕೊಳ್ಳದೆ ವಿಧಿಯಿಲ್ಲ.

ಅಲ್ಲಿಯವರೆಗೆ ಪ್ರತಿ ಶನಿವಾರ, ಅಂಗಡಿ ಮುಚ್ಚುವ ಮುಂಚೆ, ಓರಗಿತ್ತಿಯ ಕಂಪ್ಯೂಟರಿಗೂ ಅಕ್ಕ ಒಂದು ನಕಲು ಮಾಡಿಡುತ್ತಿದ್ದರು. ಯಾರೂ ಕೇಳಿರಲಿಲ್ಲ. ‘ಅಕ್ಕನ ಶನಿವಾರದ ಚಾಳಿ’ ಎಂದು ಡಾಕ್ಟರಮ್ಮ ನಗುತ್ತಿದ್ದರು. ಫೋಟೊ ಬಂದ ವಾರ ಅಕ್ಕ ಅದನ್ನು ಬಿಟ್ಟರು. ಮರುವಾರವೂ, ಅದರ ಮರುವಾರವೂ. “ಅವಳ ಮೇಜಿನ ಕೆಳಗೆ ಮಂಡಿಯೂರಿ ಕೂರಬೇಕು, ಮಂಡಿನೋವು ಅಂದೆ. ಮಂಡಿಗೆ ಏನೂ ಆಗಿರಲಿಲ್ಲ.”

ಮೂರನೆಯ ಶನಿವಾರ ಕಳೆದ ಮಂಗಳವಾರ ಡಾಕ್ಟರಮ್ಮನ ಸ್ವಂತ ಕಂಪ್ಯೂಟರಿನ ಡಿಸ್ಕೇ ಸತ್ತಿತು. ಹಿಂದಿನದೆಲ್ಲ ಅಕ್ಕನ ನಕಲಿನಲ್ಲಿ ಭದ್ರವಾಗಿತ್ತು. ಇರದಿದ್ದದ್ದು ಆ ಮೂರು ವಾರದ ಕೆಲಸ: ನೀರು ಕುಡಿದ ಕಂಪ್ಯೂಟರಿನಿಂದ ಕಷ್ಟಪಟ್ಟು ಎತ್ತಿದ, ಈ ಕಸೂತಿಯವರ ಹತ್ತೊಂಬತ್ತು ವರ್ಷದ ನಾನೂರ ಹನ್ನೆರಡು ವಿನ್ಯಾಸಗಳು. ಕಸೂತಿಯವರು ತಂಗಿಯ ಆರೈಕೆಗೆ ಹೋಗಿದ್ದರಿಂದ ಇನ್ನೂ ಒಯ್ದಿರಲಿಲ್ಲ. ನೀರು ಕುಡಿದ ಡಿಸ್ಕಂತೂ ಮತ್ತೆ ಬಿಚ್ಚುವ ಸ್ಥಿತಿಯಲ್ಲಿರಲಿಲ್ಲ. ಡಾಕ್ಟರಮ್ಮ ಒಂಬತ್ತು ದಿನ ಒದ್ದಾಡಿದರು. ಸಿಕ್ಕಿದ್ದು ಇನ್ನೂರ ಮೂವತ್ತೊಂದು.

ಮಿಕ್ಕ ನೂರ ಎಂಬತ್ತೊಂದನ್ನು ಅಕ್ಕ ಹಳೆಯ ಬಟ್ಟೆಗಳ ಮೇಲಿಂದ ಮತ್ತೆ ಬರೆಯುತ್ತಿದ್ದಾರೆ, ದಿನಕ್ಕೊಂದು. ಇವತ್ತಿನ ಹಕ್ಕಿ ತೊಂಬತ್ತನಾಲ್ಕನೆಯದು. ಗಿರಾಕಿಗಳ ಮನೆಯಿಂದ ದಿಂಬು, ಟವೆಲು, ಕಾಲರುಗಳನ್ನು ಎರವಲು ತರುವುದು ಕಸೂತಿಯವರ ಪಾಲಿನ ಕೆಲಸ. ಅವರಿಗೆ ಎಲ್ಲ ಗೊತ್ತು.

“ಮೊದಲನೇ ದಿನವೇ ಬಂದು ಹೇಳಿದ್ರು. ಬೈದೆ. ಚೆನ್ನಾಗೇ ಬೈದೆ. ಆಮೇಲೆ, ಕೂತ್ಕೊಳ್ಳಿ ಅಂದೆ,” ಎನ್ನುತ್ತಾರೆ. ಮನೆಯಲ್ಲಿರುವುದು ಒಂದೇ ಮೆತ್ತೆಯ ಕುರ್ಚಿ. ಅದರಲ್ಲಿ ಕೂತಿರುವವರು ಕಡ್ಡಿ ಅಕ್ಕ. ಮನೆಯೊಡತಿ ಸ್ಟೂಲಿನ ಮೇಲಿದ್ದಾರೆ.

ಓರಗಿತ್ತಿಗೆ ಮಾತ್ರ ಗೊತ್ತಿಲ್ಲ. ಅವರನ್ನು ಕೇಳಿದರೆ, “ಅಕ್ಕನಿಗೆ ಆಗ ಮಂಡಿ ಮಡಿಸೋಕೇ ಆಗ್ತಿರಲಿಲ್ಲ, ಪಾಪ. ನಾನೇ ಮಾಡ್ಕೋಬೇಕಿತ್ತು,” ಎನ್ನುತ್ತಾರೆ. ಅವರು ತಂದುಕೊಟ್ಟ ನೋವಿನ ಮುಲಾಮು ಅಕ್ಕನ ಮೇಜಿನ ಖಾನೆಯಲ್ಲಿ ಸೀಲು ಒಡೆಯದೆ ಬಿದ್ದಿದೆ.

“ಗಿರಾಕಿ ಹತ್ರ ತಪ್ಪು ಒಪ್ಕೊಂಡ್ರೆ ಒಂದಿನ ಬೈತಾರೆ. ಓರಗಿತ್ತಿ ಹತ್ರ ಒಪ್ಕೊಂಡ್ರೆ ಜೀವಮಾನವೆಲ್ಲ ಆ ಮುಖ ನೋಡ್ಬೇಕು,” ಎನ್ನುತ್ತಾರೆ ಅಕ್ಕ. “ನೀವು ಬರೆದುಬಿಡಿ. ಅವಳು ಓದ್ಕೊಳ್ಳಲಿ.”

“ಓದುವ ಮುಂಚೆ ನಿಮ್ಮ ಬಾಯಿಂದ ಕೇಳಿದರೆ ಒಳ್ಳೆಯದಲ್ಲವೇ?” ಎಂದೆ. ಅವರು ಹಕ್ಕಿಯ ಬಾಲವನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದರು.

ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲ. ಪ್ಲೈವುಡ್ಡಿನಲ್ಲಿ ತಂತಿ ದಾಟಿಸಲು ಕೊರೆದ ಕಿಂಡಿಯೊಂದಿದೆ. ಅಕ್ಕ ಅದಕ್ಕೆ ಬಾಯಿಟ್ಟು, ಕಡ್ಡಿ ಮುರಿದಂತೆ ಹೇಳಿಬಿಡುತ್ತಾರೆ: “ಏ, ಕೇಳಿಲ್ಲಿ. ಆ ಮೂರು ಶನಿವಾರ ನಂಗೆ ಯಾವ ಮಂಡಿನೋವೂ ಇರಲಿಲ್ಲ. ನಿನ್ನ ಫೋಟೊ ನೋಡಿ ಹೊಟ್ಟೆ ಉರೀತು. ಬೇಕಂತಲೇ ಬಿಟ್ಟೆ.”

ಆಚೆ ಸ್ಕ್ರೂ ತಿರುಗಿಸುವ ಸದ್ದು ನಿಲ್ಲುತ್ತದೆ.

“ಒಂಬತ್ತು ದಿನ ನೆಟ್ಟಗೆ ಊಟ ಮಾಡಿಲ್ಲ ನಾನು.”

“ಗೊತ್ತು.”

“ಮೇಲಿಂದ ಮುಲಾಮು ಬೇರೆ ತಂದುಕೊಟ್ಟೆ!”

“ಹಾಗೇ ಇದೆ. ವಾಪಸ್ ತಗೋ.”

ಆಮೇಲೆ ಕಿಂಡಿಯಿಂದ ಬರುವ ದನಿ ಒಡೆದಿದೆ. “ಹತ್ತು ಜನ ಬಂದ್ರೆ ನಾಲ್ಕು ಜನಕ್ಕೆ ‘ಏನೂ ಸಿಗಲಿಲ್ಲ’ ಅಂತ ಮುಖ ನೋಡಿ ಹೇಳ್ಬೇಕು ನಾನು. ಅದನ್ನ ಪೇಪರಲ್ಲಿ ಹಾಕ್ಲಿಲ್ಲ. ನಿನ್ನ ಗಿರಾಕಿಗಳು ಆಕಳಿಸ್ತಾ ಬಂದು ಆಕಳಿಸ್ತಾನೇ ಹೋಗ್ತಾರಲ್ಲ ಅಕ್ಕ, ಅದನ್ನ ನೋಡಿ ನಂಗೆ ಹೊಟ್ಟೆ ಉರಿಯಲ್ವಾ?”

ಆಚೆ ಕುರ್ಚಿ ಸರಿದ ಸದ್ದು. ಡಾಕ್ಟರಮ್ಮ ತಮ್ಮ ಬಾಗಿಲಿನಿಂದ ಹೊರಬಂದು, ಅಂಗಡಿಯ ಮುಂಭಾಗವನ್ನು ಸುತ್ತಿ, ಈಚೆಯ ಬಾಗಿಲಿಗೆ ಬರುತ್ತಾರೆ. ಕಣ್ಣು ಕೆಂಪಗಿದೆ, ಸಿಟ್ಟು ಇಳಿದಿಲ್ಲ. ಕೈಯಲ್ಲಿದ್ದ ಊಟದ ಡಬ್ಬಿಯ ಮೇಲಿನ ಬಟ್ಟಲನ್ನು ಬಿಚ್ಚಿ, ಒಂದು ಚಮಚದ ಸಮೇತ ಅಕ್ಕನ ಕೀಬೋರ್ಡಿನ ಮೇಲಿಟ್ಟು, ಹೊರಟುಹೋಗುತ್ತಾರೆ. ಅದು ಇನ್ನೂ ಬಿಸಿಯಾಗಿದೆ.