ಗೆಳತಿಯ ಅವ್ವ ನೂತ ನೂಲು

ಯುದ್ಧದ ಕಾಲ. ಮದ್ದೂರಿನ ಅಂಗಡಿಗಳಲ್ಲಿ ಬಣ್ಣದ ಪುಡಿ ಸಿಗುತ್ತಿರಲಿಲ್ಲ. ನಮ್ಮ ಗೆಳತಿಯೊಬ್ಬಳ ಮದುವೆ ಗೊತ್ತಾಗಿತ್ತು. ತಾಯಿಯಿಲ್ಲದ ಹುಡುಗಿ. ಸಾಯುವ ಮುಂಚೆ ಅವಳವ್ವ ಚರಕದಲ್ಲಿ ನೂತಿಟ್ಟಿದ್ದ ನೂಲಿಗೆ ಕೆಂಪು ಹಾಕಿ, ನೇಯಿಸಿ, ಧಾರೆಗೆ ಅದೇ ಸೀರೆ ಉಡಬೇಕೆಂದು ಹಟ ಹಿಡಿದಿದ್ದಳು. ಅವಳೂ ಸೇರಿ ನಾವು ನಾಲ್ವರು ಗೆಳತಿಯರು ಶಿಂಷಾ ಹೊಳೆಯ ದಡದಲ್ಲಿ ಒಲೆ ಹೂಡಿದೆವು.

ಕೆಂಪು ಬಣ್ಣದ ಬೇರು, ಬಣ್ಣ ಹಿಡಿಸುವ ಅಳಲೆಕಾಯಿ ತರಲು ಪೇಟೆಯ ಬಣ್ಣಗಾರರ ಮನೆಗೆ ಹೋಗಿದ್ದವಳು ನಾನೊಬ್ಬಳೇ. ಆ ಮನೆಯ ಸಾಬರ ಹೆಂಗಸು, "ಅಳಲೆಕಾಯಿ ನೀರಲ್ಲಿ ನೆನೆಸಿದ್ ನೂಲು ಕಬ್ಣ ಮುಟ್ಬಾರ್ದು ಕಣಮ್ಮ, ಮಣ್ಣಿನ ಗಡಿಗೇಲೇ ಬೇಯ್ಸಿ" ಎಂದು ಹೇಳಿಯೇ ಕೊಟ್ಟಿದ್ದರು. ನನಗೋ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಗಡಿಗೆಯಲ್ಲಾದರೆ ನಾಲ್ಕು ಸಲ ಬೇಯಿಸಬೇಕು, ಒಂದೊಂದು ಲಡಿ ನೂಲು ಒಂದೊಂದು ಬಣ್ಣವಾಗುತ್ತದೆ ಅಂದುಕೊಂಡು ನಮ್ಮ ಆಲೆಮನೆಯ ಬೆಲ್ಲದ ಕೊಪ್ಪರಿಗೆಯನ್ನೇ ಗಾಡಿಗೆ ಹಾಕಿಸಿಕೊಂಡು ಬಂದೆ. ಕಬ್ಬಿಣದ್ದು. ಅಷ್ಟು ಬೆಲ್ಲ ಕಾಯಿಸುವ ಪಾತ್ರೆಯಲ್ಲಿ ಇಷ್ಟು ನೂಲಿಗೆ ಏನಾದೀತು? ಆ ಹೆಂಗಸಿನ ಮಾತನ್ನು ಗೆಳತಿಯರಿಗೆ ಹೇಳಲೇ ಇಲ್ಲ.

ಅಳಲೆಕಾಯಿ ನೀರಲ್ಲಿ ನೆನೆದ ನೂಲನ್ನೆಲ್ಲ ಬೇರು ಕುದಿಯುತ್ತಿದ್ದ ಕೊಪ್ಪರಿಗೆಯಲ್ಲಿ ಒಟ್ಟಿಗೇ ಮುಳುಗಿಸಿದೆವು. ಮದುಮಗಳೇ ಕೋಲಿನಿಂದ ತಿರುವುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

"ಲೇ, ಯಾಕೋ ಕಪ್ಗಾಯ್ತಾ ಅದೆ ಕಣೇ."

"ಬೇಯ್ಲಿ ಬುಡು, ಕೆಂಪ್ಗಾಯ್ತದೆ" ಎಂದೆ. ಒಲೆಗೆ ಇನ್ನೆರಡು ಸೌದೆ ತುರುಕಿದೆ.

ಎತ್ತಿ ಹೊಳೆಯಲ್ಲಿ ಜಾಲಿಸಿದೆವು. ಮತ್ತೆ ಜಾಲಿಸಿದೆವು. ನೂಲು ಇದ್ದಿಲಿನಂತೆ ಕಪ್ಪು.

"ಆವಮ್ಮ ಏನಾರ ಏಳಿದ್ರಾ?" ಎಂದು ಮದುಮಗಳು ನೂಲು ಹಿಡಿದು ಅಳುತ್ತಾ ನನ್ನನ್ನು ಕೇಳಿದಳು.

"ಏನೂ ಏಳ್ನಿಲ್ಲ. ಬಣ್ಣದ್ ಬೇರೇ ಕೆಟ್ಟಿರ್ಬೇಕು."

ಉಳಿದಿಬ್ಬರು ಬಣ್ಣಗಾರರನ್ನು ಬಯ್ಯತೊಡಗಿದರು. ಮದುಮಗಳು ಒದ್ದೆ ನೂಲನ್ನು ಹೆಗಲಿಗೆ ಹಾಕಿಕೊಂಡು ನೇರ ಆ ಮನೆಗೇ ನಡೆದಳು. "ನಾಳೆ ಓಗುವ" ಎಂದೆ, "ಈಗ ಅವ್ರು ಮನೇಲಿರಾಕಿಲ್ಲ" ಎಂದೆ. ಅವಳು ತಿರುಗಿ ನೋಡಲಿಲ್ಲ; ನಾವು ಮೂವರೂ ಹಿಂದೆಯೇ ಹೋದೆವು.

ಬಾಗಿಲಲ್ಲೇ ಆ ಹೆಂಗಸು ನೂಲು ಮುಟ್ಟಿ ನೋಡಿದರು. "ಕಬ್ಣದಲ್ ಬೇಯ್ಸಿದ್ರಾ? ಬ್ಯಾಡ ಅಂತ ಏಳಿದ್ನಲ್ಲ ಇವಳ್ಗೆ!"

"ಇದ ಸರಿ ಮಾಡಾಕಾಯ್ತದಾ?" ಗೆಳತಿ ಕೇಳಿದಳು.

"ಇಲ್ಲ ಕಣಮ್ಮ. ಇದ್ರ ಮ್ಯಾಲೆ ಇನ್ಯಾವ ಬಣ್ಣಾನೂ ಕಾಣಾಕಿಲ್ಲ."

ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು. ಎಲ್ಲರ ಮುಂದೆ ಬೈದಿದ್ದರೂ ತಾಳಿಕೊಳ್ಳುತ್ತಿದ್ದೆ. ಗೆಳತಿ ದನಿ ಕೂಡ ಏರಿಸಲಿಲ್ಲ.

"ನೂಲ್ ಕೆಟ್ಟಿದ್ದು ಓಗ್ಲಿ. ನಮ್ಮವ್ವುನ್ ನೂಲ್ ಇಡ್ಕಂಡ್ ನಾನ್ ಅಳ್ತಾ ನಿಂತಿದ್ರೆ, ನನ್ ಮಕ ನೋಡ್ಕಂಡೇ ಸುಳ್ ಏಳಿದ್ಯಲ್ಲೇ."

ಧಾರೆಗೆ ಅವಳು ಅತ್ತಿಗೆಯ ಸೀರೆ ಉಟ್ಟಳು. ಉಳಿದ ಗೆಳತಿಯರ ಮನೆಗಳಿಗೆಲ್ಲ ತಾನೇ ಹೋಗಿ ಕುಂಕುಮವಿಟ್ಟು ಮದುವೆಗೆ ಕರೆದಿದ್ದಳು. ನಮ್ಮ ಮನೆಗೆ ಮಾತ್ರ ಕರೆಯಲು ಅವಳ ಅಪ್ಪ ಬಂದಿದ್ದರು.